ಒಳಗೆ ತೈಲ ಇದೆ, ಆದರೆ ಹೊರಗೆ ಬರಲ್ಲ: ಮರಳುಗಲ್ಲಿನ ಏರುಪೇರು

ಪ್ರಶ್ನೆ: ಪೇಪರ್‌ನಲ್ಲಿ ದಿನಾ ಬ್ರೆಂಟ್ ಕಚ್ಚಾ ತೈಲದ ಬೆಲೆ ನೋಡುತ್ತೇನೆ. ಒಂದು ತೈಲ ಕ್ಷೇತ್ರ ಮುಚ್ಚುವ ಹೊತ್ತಿಗೂ ಅರ್ಧಕ್ಕಿಂತ ಜಾಸ್ತಿ ತೈಲ ಒಳಗೇ ಉಳಿದಿರುತ್ತದೆ ಅಂತ ಎಲ್ಲೋ ಓದಿದೆ. ಇಷ್ಟು ದುಬಾರಿ ವಸ್ತುವನ್ನು ಯಾಕೆ ಬಿಟ್ಟು ಬರುತ್ತಾರೆ? ಬೇಕಂತಲೇ ಬಿಡುತ್ತಾರಾ? ಒಂದೇ ಮರಳುಗಲ್ಲಿನಲ್ಲಿ ಒಂದು ಬಾವಿ ತೈಲ ಕೊಡುತ್ತದೆ, ಪಕ್ಕದ್ದು ಬರೀ ನೀರು ಕೊಡುತ್ತದೆ ಅಂತಾರೆ. ಇದೂ ನಮ್ಮ ಹೊಲದ ಬೋರ್‌ವೆಲ್ ಥರ ಅದೃಷ್ಟದ ಆಟವೇ? (ಬಾಗಲಕೋಟೆ ಕಡೆಯ ಓದುಗರೊಬ್ಬರು)

ಉತ್ತರ:

ನೀವು ಬ್ರೆಂಟ್ ಹೆಸರು ತಂದಿದ್ದು ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ.

ಬ್ರೆಂಟ್ ಅನ್ನುವುದು ಬೆಲೆಯ ಹೆಸರಾಗುವ ಮೊದಲು ಒಂದು ತೈಲ ಕ್ಷೇತ್ರದ ಹೆಸರು. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್‌ಲ್ಯಾಂಡ್ ದ್ವೀಪಗಳಿವೆ. ಅದಕ್ಕೂ ಈಶಾನ್ಯಕ್ಕೆ, ಉತ್ತರ ಸಮುದ್ರ ಅನ್ನುವ ಕಡಲಿನ ತಳದಲ್ಲಿ, 1971ರಲ್ಲಿ ಈ ಕ್ಷೇತ್ರ ಸಿಕ್ಕಿತು. ಶೆಲ್ ಕಂಪನಿಯವರು ಅಲ್ಲಿ ತಮ್ಮ ಕ್ಷೇತ್ರಗಳಿಗೆಲ್ಲ ಹಕ್ಕಿಗಳ ಹೆಸರಿಡುತ್ತಿದ್ದರು. ಬ್ರೆಂಟ್ ಒಂದು ಜಾತಿಯ ಹೆಬ್ಬಾತು. ಆಮೇಲೆ ಭೂವಿಜ್ಞಾನಿಗಳು ಅಲ್ಲಿನ ಮರಳುಗಲ್ಲಿನ ಪದರಗಳಿಗೆ ಹೆಸರಿಡುವಾಗ ಸ್ವಲ್ಪ ತಮಾಷೆ ಮಾಡಿದರು. ಕೆಳಗಿನಿಂದ ಮೇಲಕ್ಕೆ ಬ್ರೂಮ್, ರಾನಕ್, ಎಟಿವ್, ನೆಸ್, ಟಾರ್ಬರ್ಟ್. ಸ್ಕಾಟ್ಲೆಂಡಿನ ಸರೋವರ, ಕಡಲ ಚಾಚುಗಳ ಹೆಸರುಗಳಿವು. ಇಂಗ್ಲಿಷಿನಲ್ಲಿ ಐದರ ಮೊದಲ ಅಕ್ಷರ ಜೋಡಿಸಿ: ಬಿ, ಆರ್, ಇ, ಎನ್, ಟಿ. ಬ್ರೆಂಟ್!

ಐದೂ ಮರಳಿನ ಪದರಗಳೇ. ಆದರೆ ಒಂದರ ಗುಣ ಇನ್ನೊಂದಕ್ಕಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಐವರ ಹೊಂದಾಣಿಕೆ ಇಲ್ಲದ ಸಂಸಾರದಲ್ಲಿ.

ಅದಕ್ಕೂ ಮುಂಚೆ ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. ತೈಲ ಭೂಮಿಯೊಳಗೆ ಕೆರೆಯ ಹಾಗೆ ನಿಂತಿರುತ್ತದೆ, ಪೈಪ್ ಇಳಿಸಿ ಹೀರಿದರೆ ಖಾಲಿಯಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಲ್ಲಿನ ಹೊಟ್ಟೆಯಲ್ಲಿ ತೈಲ ನಿಜವಾಗಿ ಕೆರೆಯಂತೆ ನಿಂತಿರುವ ಜಾಗ ನಮ್ಮಲ್ಲೇ ಇದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಮತ್ತು ಮಂಗಳೂರಿನಲ್ಲಿ ಗಟ್ಟಿ ಬಂಡೆ ಕೊರೆದು ಸುರಂಗ ಮಾಡಿ, ದೇಶದ ತುರ್ತು ದಾಸ್ತಾನು ತುಂಬಿಟ್ಟಿದ್ದಾರೆ. ಪಾದೂರಿನದು 25 ಲಕ್ಷ ಟನ್ ಹಿಡಿಯುತ್ತದೆ, ಮಂಗಳೂರಿನದು 15 ಲಕ್ಷ ಟನ್. ಆದರೆ ಅದು ಮನುಷ್ಯ ಮಾಡಿದ ಗುಹೆ. ಪ್ರಕೃತಿಯಲ್ಲಿ ತೈಲ ಇರುವುದು ಮರಳಿನ ಕಾಳು ಕಾಳಿನ ನಡುವಿನ ಸಂದಿಯಲ್ಲಿ. ಕೈಯಲ್ಲಿ ಹಿಡಿದರೆ ಕಲ್ಲು ಕಲ್ಲೇ. ವಾಸನೆ ನೋಡಿದರೆ ಮಾತ್ರ ಪೆಟ್ರೋಲ್ ಬಂಕ್ ನೆನಪಾಗುತ್ತದೆ.

ನೀವು ಬಾಗಲಕೋಟೆ ಕಡೆಯವರು. ಬಾದಾಮಿಯ ಗುಹೆ ನೋಡಿಯೇ ಇರುತ್ತೀರಿ. ಮುಂದಿನ ಸಲ ಹೋದಾಗ ಶಿಲ್ಪ ನೋಡಿದ ಮೇಲೆ ಒಂದೈದು ನಿಮಿಷ ಬರೀ ಗೋಡೆ ನೋಡಿ. ಕೆಂಪು ಕಲ್ಲಿನಲ್ಲಿ ಓರೆ ಓರೆಯಾಗಿ ಗೆರೆಗಳಿವೆ. ಒಂದು ಪಟ್ಟಿಯಲ್ಲಿ ಗೆರೆ ಒಂದು ಕಡೆ ವಾಲಿದ್ದರೆ, ಅದರ ಮೇಲಿನದರಲ್ಲಿ ಇನ್ನಷ್ಟು ಓರೆ. ಕೆಲವು ಕಡೆ ನಯವಾದ ಮರಳು, ಕೆಲವು ಕಡೆ ಸಣ್ಣ ಹರಳುಗಳ ಸಾಲು. ಅವೆಲ್ಲ ಹಳೆಯ ನದಿಯೊಂದು ಮರಳು ಸುರಿದುಕೊಂಡು ಹೋದ ಗುರುತು. ಭೂವಿಜ್ಞಾನಿಗಳು ಆ ಪದರವನ್ನು ಕೇವ್ ಟೆಂಪಲ್ ಅರೆನೈಟ್ ಅಂತಲೇ ಕರೆಯುತ್ತಾರೆ. ಅದರಲ್ಲಿ ತೈಲ ಇಲ್ಲ. ಭೂಮಿಯ ಮೇಲೆ ಮೀನು, ಮರ ಯಾವುದೂ ಇಲ್ಲದ ಕಾಲದ ಕಲ್ಲು ಅದು. ಆದರೆ ಎರಡು ಮೂರು ಕಿಲೋಮೀಟರ್ ಆಳದಲ್ಲಿ ತೈಲ ತುಂಬಿಕೊಂಡಿರುವ ಮರಳುಗಲ್ಲು ಕೂಡ ಇಂಥದ್ದೇ. ಒಂದು ಅಡಿಯೊಳಗೆ ನಾಲ್ಕು ಥರ. ಹೊರಗಿನಿಂದ ನೋಡಿದರೆ ಒಂದೇ ಬಂಡೆ.

ಈಗ ತೈಲ ಹೊರಗೆ ಬರುವ ಬಗೆ. ಮೊದಮೊದಲು ಒಳಗಿನ ಒತ್ತಡವೇ ತಳ್ಳುತ್ತದೆ. ಅದು ಬೇಗ ಸುಸ್ತಾಗುತ್ತದೆ. ಆಮೇಲೆ ಕೆಲವು ಬಾವಿಗಳಿಂದ ನೀರು ಒಳಗೆ ನುಗ್ಗಿಸುತ್ತಾರೆ. ಆ ನೀರು ತೈಲವನ್ನು ದೂಡಿಕೊಂಡು ಬೇರೆ ಬಾವಿಗಳ ಕಡೆ ತರಬೇಕು. ಇದು ಎಷ್ಟು ಚೆನ್ನಾಗಿ ಆಗುತ್ತದೆ ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ. ನೀರು ಹೋದ ಜಾಗದಲ್ಲಿ ಎಷ್ಟು ಪಾಲು ತೈಲ ಜಾಗ ಬಿಟ್ಟಿತು? ಮತ್ತು ಒಟ್ಟು ಕಲ್ಲಿನಲ್ಲಿ ಎಷ್ಟು ಪಾಲಿಗೆ ನೀರು ಹೋಯಿತು? ಎರಡೂ ಹತ್ತಕ್ಕೆ ಆರು ಅಂತ ಇಟ್ಟುಕೊಳ್ಳಿ. ಕೇಳಲು ಪರವಾಗಿಲ್ಲ ಅನಿಸುತ್ತದೆ. ಗುಣಿಸಿದರೆ ಶೇಕಡಾ 36! ಜಗತ್ತಿನ ಸರಾಸರಿ ಕೂಡ ಹೆಚ್ಚುಕಡಿಮೆ ಅಲ್ಲೇ, ಶೇಕಡಾ 35ರ ಆಸುಪಾಸು ಅನ್ನುತ್ತಾರೆ. ನೀವು ಓದಿದ್ದು ಸುಳ್ಳಲ್ಲ.

ಆದರೆ ಸರಾಸರಿ ನೋಡಿ ಸುಮ್ಮನಾಗಬೇಡಿ. ಬ್ರೆಂಟ್‌ಗೆ ಹತ್ತಿರದಲ್ಲೇ ಇರುವ ಸ್ಟಾಟ್‌ಫ್ಯೋರ್ಡ್ ಕ್ಷೇತ್ರದಲ್ಲಿ ಶೇಕಡಾ 60ಕ್ಕಿಂತ ಜಾಸ್ತಿ ತೈಲ ತೆಗೆದಿದ್ದಾರೆ. ಬೇರೆ ಕೆಲವು ಮರಳುಗಲ್ಲುಗಳಲ್ಲಿ ಶೇಕಡಾ 20 ದಾಟುವುದೇ ಕಷ್ಟ. ತೈಲ ಎಷ್ಟು ತೆಳು, ಬಾವಿ ಎಷ್ಟು ತೋಡಿದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ನನ್ನ ಅನುಭವದಲ್ಲಿ ದೊಡ್ಡ ವ್ಯತ್ಯಾಸ ಮಾಡುವುದು ಕಲ್ಲು. ಅದರಲ್ಲೂ ಕಲ್ಲು ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ, ಒಳ್ಳೆಯದು ಕೆಟ್ಟದ್ದು ಹೇಗೆ ಬೆರೆತಿವೆ ಅನ್ನುವುದು.

ಚಿಕ್ಕದರಿಂದ ಶುರು ಮಾಡೋಣ, ಕಾಳಿನಿಂದ.

ಒಂದು ಡಬ್ಬದಲ್ಲಿ ಕಡಲೆಕಾಳು, ಅಷ್ಟೇ ದೊಡ್ಡ ಇನ್ನೊಂದು ಡಬ್ಬದಲ್ಲಿ ಸಾಸಿವೆ ತುಂಬಿ. ಯಾವುದರಲ್ಲಿ ಖಾಲಿ ಸಂದಿ ಜಾಸ್ತಿ? ಹೆಚ್ಚಿನವರು ಕಡಲೆ ಅನ್ನುತ್ತಾರೆ. ನಿಜ ಏನೆಂದರೆ ಎರಡೂ ಹತ್ತಿರ ಹತ್ತಿರ ಒಂದೇ. ಒಂದೇ ಅಳತೆಯ ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಶೇಕಡಾ 26ರಷ್ಟು ಸಂದಿ ಉಳಿಯುತ್ತದೆ, ಉಂಡೆ ಗುಂಡುಕಲ್ಲಾದರೂ ಸರಿ, ರಾಗಿಯಾದರೂ ಸರಿ. ಅಂದರೆ ಎರಡು ಡಬ್ಬಗಳೂ ಹಿಡಿಯುವ ತೈಲ ಒಂದೇ. ಆದರೆ ಎರಡಕ್ಕೂ ಮೇಲಿಂದ ಎಣ್ಣೆ ಸುರಿಯಿರಿ. ಕಡಲೆಯಲ್ಲಿ ಸರ್ರನೆ ಇಳಿಯುತ್ತದೆ. ಸಾಸಿವೆಯಲ್ಲಿ ತೆವಳುತ್ತದೆ. ಸಂದಿ ಎಷ್ಟಿದೆ ಅನ್ನುವುದು ಪೊರೋಸಿಟಿ. ಆ ಸಂದಿಯಲ್ಲಿ ಹರಿಯುವುದು ಎಷ್ಟು ಸಲೀಸು ಅನ್ನುವುದು ಪರ್ಮಿಯಬಿಲಿಟಿ. ಮೊದಲನೆಯದು ಕಲ್ಲಿನಲ್ಲಿ ಎಷ್ಟು ದುಡ್ಡಿದೆ ಅಂತ ಹೇಳುತ್ತದೆ, ಎರಡನೆಯದು ಎಷ್ಟು ಕೈಗೆ ಬರುತ್ತದೆ ಅಂತ. ಕಾಳಿನ ಅಡ್ಡಳತೆ ನಾಲ್ಕು ಪಟ್ಟಾದರೆ ಹರಿವಿನ ಸಲೀಸು ಹದಿನಾರು ಪಟ್ಟಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಬಾವಿಯ ಬಾಯಿಗೆ ಬರುವ ಹೊತ್ತಿಗೆ ಭಾರೀ ವ್ಯತ್ಯಾಸ ಆಗುವುದು ಹೀಗೆ.

ಇದನ್ನು ಅಳೆಯುವ ಮಾನಕ್ಕೆ ಡಾರ್ಸಿ ಅಂತ ಹೆಸರು. ಆನ್ರಿ ಡಾರ್ಸಿ ಫ್ರಾನ್ಸಿನ ಡಿಜಾನ್ ಊರಿಗೆ ಕುಡಿಯುವ ನೀರು ತಂದ ಇಂಜಿನಿಯರ್. ಮರಳಿನಲ್ಲಿ ನೀರು ಎಷ್ಟು ಬೇಗ ಸೋಸುತ್ತದೆ ಅಂತ ಕೊಳವೆಗಳಲ್ಲಿ ಮರಳು ತುಂಬಿ ನೋಡಿ, 1856ರಲ್ಲಿ ಬರೆದಿಟ್ಟರು. ಪಾಪ, ಆತನ ತಲೆಯಲ್ಲಿ ಇದ್ದದ್ದು ಊರಿನ ನಲ್ಲಿ. ಇವತ್ತು ತೈಲ ಉದ್ಯಮ ಇಡೀ ಆ ಲೆಕ್ಕದ ಮೇಲೆ ನಡೆಯುತ್ತದೆ. ಒಳ್ಳೆಯ ಮರಳುಗಲ್ಲು ಒಂದು ಡಾರ್ಸಿ, ಅಂದರೆ ಸಾವಿರ ಮಿಲಿಡಾರ್ಸಿ. ಬಿಗಿಯಾದದ್ದು ಹತ್ತು, ಒಂದು, ಒಂದಕ್ಕೂ ಕಡಿಮೆ.

ಕಾಳು ಸರಿಯಿದ್ದರೂ ಸಂದಿಯಲ್ಲಿ ಬೇರೆ ಏನೋ ಸೇರಿಕೊಂಡಿರುತ್ತದೆ. ಕೋಟ್ಯಂತರ ವರ್ಷ ಬಿಸಿನೀರಿನಲ್ಲಿ ನೆನೆದ ಮರಳಲ್ಲವೇ? ಸಿಲಿಕಾ, ಸುಣ್ಣ ಬಂದು ಗಾರೆಯ ಹಾಗೆ ಕಾಳುಗಳನ್ನು ಬೆಸೆದುಬಿಡುತ್ತವೆ. ಜೇಡಿ ಖನಿಜಗಳು ಬೆಳೆಯುತ್ತವೆ. ಇವುಗಳಲ್ಲಿ ಒಂದನ್ನು ನೀವು ದಿನಾ ನೋಡುತ್ತೀರಿ. ನಿಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹಾಗೆ ಮಾಡುವ ಜೇಡಿಯ ಗುಂಪಿಗೆ ಸ್ಮೆಕ್ಟೈಟ್ ಅನ್ನುತ್ತಾರೆ. ಅದೇ ಜೇಡಿ ಮರಳುಗಲ್ಲಿನ ಸಂದಿಯಲ್ಲಿದ್ದು, ನೀವು ಸಿಹಿನೀರು ನುಗ್ಗಿಸಿದರೆ? ಮೂರು ಕಿಲೋಮೀಟರ್ ಆಳದಲ್ಲಿ ಎರೆ ಹೊಲಕ್ಕೆ ಮಳೆ ಬಿದ್ದ ಹಾಗೆ. ಉಬ್ಬಿ ದಾರಿ ಮುಚ್ಚುತ್ತದೆ. ಅದಕ್ಕೇ ನುಗ್ಗಿಸುವ ನೀರಿನ ಉಪ್ಪಿನ ಅಂಶ ಎಷ್ಟಿರಬೇಕು ಅಂತ ಮೊದಲೇ ಲ್ಯಾಬಿನಲ್ಲಿ ನೋಡುತ್ತಾರೆ. ಕೆಯೊಲಿನೈಟ್ ಅನ್ನುವ ಇನ್ನೊಂದು ಜೇಡಿ ಉಬ್ಬಲ್ಲ, ಆದರೆ ಹರಿವಿನ ರಭಸಕ್ಕೆ ಕಿತ್ತುಬಂದು ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಬಚ್ಚಲಿನ ಜಾಲರಿಗೆ ಕಸ ಕಟ್ಟಿದ ಹಾಗೆ.

ಉತ್ತರ ಸಮುದ್ರದ ಆಳದ ಕ್ಷೇತ್ರಗಳಲ್ಲಿ ಇಲೈಟ್ ಅನ್ನುವ ಜೇಡಿ ಇದೆ. ಇದು ಬಲು ಮೋಸಗಾರ. ಸಂದಿಯೊಳಗೆ ಕೂದಲೆಳೆಯ ಹಾಗೆ ಬೆಳೆಯುತ್ತದೆ. ಜಾಗ ತಿನ್ನುವುದು ಸ್ವಲ್ಪವೇ, ಆದರೆ ಹರಿವನ್ನು ಕಟ್ಟಿಹಾಕುತ್ತದೆ. ಕಲ್ಲಿನ ತುಂಡನ್ನು ಮೇಲೆ ತಂದು ಲ್ಯಾಬಿನಲ್ಲಿ ಒಣಗಿಸಿದಿರೋ, ಆ ಎಳೆಗಳು ಒದ್ದೆ ಕೂದಲು ತಲೆಗೆ ಅಂಟಿದ ಹಾಗೆ ಕಾಳಿನ ಗೋಡೆಗೆ ಅಂಟಿಬಿಡುತ್ತವೆ. ಅಳೆದು ನೋಡಿದರೆ ಪರ್ಮಿಯಬಿಲಿಟಿ ಭರ್ಜರಿ! ಬಾವಿಯಲ್ಲಿ ಮಾತ್ರ ಅಷ್ಟು ಬರಲ್ಲ. ಹಿಂದೆ ಇದರಿಂದ ಬೇಸ್ತು ಬಿದ್ದವರು ಬಹಳ ಜನ. ಈಗ ಅಂಥ ತುಂಡುಗಳನ್ನು ಒಣಗಲು ಬಿಡದೆ ಕಾಪಾಡಿ ಅಳೆಯುತ್ತಾರೆ. ಹಾಗಂತ ಜೇಡಿ ಎಂದರೆ ಶತ್ರು ಅಂತಲೂ ಅಲ್ಲ. ಕ್ಲೋರೈಟ್ ಅನ್ನುವುದು ಮರಳಿನ ಕಾಳಿಗೆ ತೆಳ್ಳಗೆ ಲೇಪ ಹಚ್ಚಿದ ಹಾಗೆ ಕೂರುತ್ತದೆ. ಆ ಲೇಪದ ಮೇಲೆ ಸಿಲಿಕಾ ಗಾರೆ ಹಿಡಿಯಲ್ಲ. ನಾರ್ವೆಯ ಸಮುದ್ರದಲ್ಲಿ ತುಂಬಾ ಆಳಕ್ಕಿದ್ದೂ ಸಂದಿ ಉಳಿಸಿಕೊಂಡ ಮರಳುಗಲ್ಲುಗಳಿವೆ. ಅದಕ್ಕೆ ಈ ಲೇಪವೇ ಕಾರಣ.

ಕಾಳಿನ ವಿಷಯ ಇಷ್ಟು ಸಾಕು. ನಿಜವಾದ ನಷ್ಟ ಆಗುವುದು ಪದರಗಳ ಮಟ್ಟದಲ್ಲಿ. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ, ಪೆನ್ನು ಹಿಡಿದುಕೊಳ್ಳಿ.

ಹತ್ತು ಮೀಟರ್ ದಪ್ಪದ ಎರಡು ಪದರ, ಒಂದರ ಮೇಲೊಂದು. ನಡುವೆ ಓಡಾಟ ಇಲ್ಲ. ಸಂದಿ ಎರಡರಲ್ಲೂ ಒಂದೇ, ಅಂದರೆ ತೈಲವೂ ಸಮಸಮ. ಒಂದರ ಪರ್ಮಿಯಬಿಲಿಟಿ ಸಾವಿರ ಮಿಲಿಡಾರ್ಸಿ, ಇನ್ನೊಂದರದು ಹತ್ತು. ಸರಾಸರಿ 505. ಕಾಗದದ ಮೇಲೆ ಚಿನ್ನದಂಥ ಕ್ಷೇತ್ರ! ಈಗ ಒಂದು ಕಡೆಯಿಂದ ನೀರು ನುಗ್ಗಿಸಿ. ತೈಲ, ನೀರು ಎರಡೂ ಒಂದೇ ಸಲೀಸಾಗಿ ಹರಿಯುತ್ತವೆ ಅಂತಲೇ ಇಟ್ಟುಕೊಳ್ಳೋಣ. 101 ಕೊಡ ನೀರು ಹಾಕಿದರೆ 100 ಕೊಡ ವೇಗದ ಪದರಕ್ಕೆ ಹೋಗುತ್ತದೆ, ಒಂದೇ ಒಂದು ಕೊಡ ನಿಧಾನದ ಪದರಕ್ಕೆ. ವೇಗದ ಪದರ ಪೂರ್ತಿ ತೊಳೆದು ನೀರು ಆಚೆ ಬಾವಿಗೆ ಮುಟ್ಟಿದಾಗ, ನಿಧಾನದ ಪದರದಲ್ಲಿ ನೀರು ನಡೆದಿರುವುದು ದಾರಿಯ ನೂರರಲ್ಲಿ ಒಂದು ಭಾಗ. ಅಲ್ಲಿಂದ ಮುಂದೆ ಬಾವಿಯಲ್ಲಿ ಬರುವ 101 ಕೊಡದಲ್ಲಿ 100 ಕೊಡ ನೀರು, ಒಂದು ಕೊಡ ತೈಲ. ಆ ನೀರನ್ನು ಬೇರ್ಪಡಿಸಬೇಕು, ಶುದ್ಧ ಮಾಡಬೇಕು, ಮತ್ತೆ ಒಳಗೆ ನುಗ್ಗಿಸಬೇಕು. ಖರ್ಚು ಗಿಟ್ಟಲ್ಲ. ಬಾವಿ ಮುಚ್ಚುತ್ತಾರೆ. ನಿಧಾನದ ಪದರದ ತೈಲ, ಅಂದರೆ ಒಟ್ಟು ತೈಲದ ಹತ್ತಿರ ಹತ್ತಿರ ಅರ್ಧ, ಅಲ್ಲೇ ಇದೆ. ಯಾರೂ ಕದ್ದಿಲ್ಲ, ಯಾರೂ ಬಚ್ಚಿಟ್ಟಿಲ್ಲ. ನೀರು ಸುಲಭದ ದಾರಿ ಹಿಡಿಯಿತು ಅಷ್ಟೆ. ನಮ್ಮ ಉದ್ಯೋಗದಲ್ಲಿ ಆ ವೇಗದ ಪದರಕ್ಕೆ ಕಳ್ಳ ಪದರ ಅನ್ನುತ್ತಾರೆ. ಆದರೆ ನೋಡಿ, ಮೊದಲ ವರ್ಷ ಬಾವಿ ಧಾರಾಳವಾಗಿ ತೈಲ ಕೊಟ್ಟಾಗ ಅದೇ ಪದರವನ್ನು ನಾವೇ ಕೊಂಡಾಡಿರುತ್ತೇವೆ.

ಇನ್ನೊಂದು ಮಜಾ ಇದೆ. ಅದೇ ಎರಡು ಪದರಗಳ ನಡುವೆ ಓಡಾಟ ಇದ್ದು, ಅಡ್ಡ ಹರಿಯದೆ ಮೇಲಿಂದ ಕೆಳಕ್ಕೆ ಹರಿಯಬೇಕಾದರೆ ಸರಾಸರಿ 505 ಅಲ್ಲ, ಬರೀ 20 ಮಿಲಿಡಾರ್ಸಿ. ಕಲ್ಲು ಒಂದೇ, ದಿಕ್ಕು ಬದಲಾದರೆ ಸ್ವಭಾವ ಬೇರೆ. ಆದ್ದರಿಂದ ಯಾರಾದರೂ ನಮ್ಮ ಕ್ಷೇತ್ರದ ಪರ್ಮಿಯಬಿಲಿಟಿ ಇಷ್ಟು ಅಂತ ಒಂದೇ ಅಂಕಿ ಹೇಳಿದರೆ ಪೂರ್ತಿ ನಂಬಬೇಡಿ.

ಮತ್ತೆ, ಯಾವ ಪದರ ಮೇಲಿದೆ, ಯಾವುದು ಕೆಳಗಿದೆ ಅನ್ನುವುದೂ ಮುಖ್ಯ. ನೀರು ತೈಲಕ್ಕಿಂತ ಭಾರ. ನದಿಯ ಪಾತ್ರದಲ್ಲಿ ಮರಳು ಕೂಡುವಾಗ ಸಾಮಾನ್ಯವಾಗಿ ದಪ್ಪ ಮರಳು ತಳದಲ್ಲಿ, ನಯ ಮರಳು ಮೇಲೆ. ಇಂಥ ಕಲ್ಲಿನಲ್ಲಿ ನೀರು ತಳದ ದಪ್ಪ ಮರಳಿನಲ್ಲಿ ಓಡುತ್ತದೆ, ಅದರ ಭಾರವೂ ಅದನ್ನು ಅಲ್ಲೇ ಹಿಡಿದಿಡುತ್ತದೆ. ಅಟ್ಟದ ಮೇಲಿನ ತೈಲ ಅಟ್ಟದ ಮೇಲೇ. ಕಡಲ ತೀರದಲ್ಲಿ ಕೂಡಿದ ಮರಳು ಇದಕ್ಕೆ ಉಲ್ಟಾ. ಕೆಳಗೆ ನಯ, ಮೇಲೆ ಹೋದಂತೆ ದಪ್ಪ. ಅಲ್ಲಿ ನೀರು ಮೇಲಿನ ಪದರದಲ್ಲಿ ಓಡಿದರೂ ತನ್ನ ಭಾರಕ್ಕೆ ಕೆಳಗಿಳಿದು ನಯ ಮರಳಿನ ತೈಲವನ್ನೂ ತಳ್ಳುತ್ತದೆ. ಸರಾಸರಿ ಎರಡಕ್ಕೂ ಒಂದೇ ಇರಬಹುದು. ಕೈಗೆ ಬರುವ ತೈಲ ಮಾತ್ರ ಬೇರೆ ಬೇರೆ.

ಈಗ ಬ್ರೆಂಟ್ ಪದರಗಳ ಸಂಸಾರಕ್ಕೆ ಬರೋಣ. ಸುಮಾರು 17 ಕೋಟಿ ವರ್ಷಗಳ ಹಿಂದೆ ಅಲ್ಲೊಂದು ದೊಡ್ಡ ನದೀಮುಖ ಇತ್ತು, ಉತ್ತರಕ್ಕೆ ಚಾಚುತ್ತಾ ಹೋಗುತ್ತಿತ್ತು. ತೀರದ ಮುಂದಿನ ಆಳವಿಲ್ಲದ ನೀರಿನಲ್ಲಿ ಅಲೆಗಳು ಕೂಡಿಸಿದ ನಯ ಮರಳು ರಾನಕ್ ಆಯಿತು. ಅದರ ಮೇಲೆ ತೀರದ ದಿಬ್ಬದ ಶುದ್ಧ, ದಪ್ಪ ಮರಳು ಎಟಿವ್ ಆಯಿತು. ನಾನು ಹೇಳಿದ ನಿಯಮದ ಪ್ರಕಾರ ಇದು ಒಳ್ಳೆಯ ಜೋಡಿ. ದಪ್ಪ ಮೇಲೆ, ನಯ ಕೆಳಗೆ. ಆದರೆ ಆ ಪ್ರದೇಶದ ಹಲವು ಕ್ಷೇತ್ರಗಳಲ್ಲಿ ನಡೆದದ್ದೇ ಬೇರೆ. ನುಗ್ಗಿಸಿದ ನೀರು ಎಟಿವ್‌ನಲ್ಲಿ ನುಸುಳಿ ಓಡಿತು. ರಾನಕ್‌ನ ತೈಲ ಹಿಂದೆಯೇ ಉಳಿಯಿತು. ಯಾಕೆ? ಎರಡರ ನಡುವಿನ ಅಂತರ ಅತಿಯಾಗಿತ್ತು. ಜೊತೆಗೆ ರಾನಕ್‌ನಲ್ಲಿ ಅಭ್ರಕ ಹೇರಳ. ನಮ್ಮ ಹಳ್ಳಿ ಕಡೆ ಕಾಗೆಬಂಗಾರ ಅನ್ನುತ್ತಾರಲ್ಲ, ಅದೇ. ಅದರ ಚಪ್ಪಟೆ ಚೂರುಗಳು ಹಾಸಿಗೆ ಹಾಸಿದ ಹಾಗೆ ಮಲಗಿವೆ. ಅಡ್ಡ ಹರಿಯುವುದಕ್ಕೆ ಅಷ್ಟೇನೂ ತೊಂದರೆ ಇಲ್ಲ, ಕೆಳಗಿಳಿಯುವ ನೀರಿಗೆ ಮಾತ್ರ ಹೆಜ್ಜೆಹೆಜ್ಜೆಗೂ ಅಡ್ಡಿ. ಮಿಲಿಮೀಟರ್ ದಪ್ಪವೂ ಇಲ್ಲದ ಗೆರೆಗಳು ಕಿಲೋಮೀಟರ್ ಅಗಲದ ಕ್ಷೇತ್ರದ ಹಣೆಬರಹ ಬರೆದವು. ನನಗೆ ಈ ವಿಷಯದಲ್ಲಿ ಎಷ್ಟು ವರ್ಷವಾದರೂ ಬೇಸರ ಬರದಿರುವುದಕ್ಕೆ ಇಂಥವೇ ಕಾರಣ.

ಬಾದಾಮಿಯ ಓರೆ ಗೆರೆಗಳ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಓರೆ ಗೆರೆ ಅಂದರೆ ನಯ ಮರಳು, ದಪ್ಪ ಮರಳು ಒಂದಾದ ಮೇಲೊಂದು. ಕಲ್ಲಿಗೆ ನೀರು ಕಂಡರೆ ಪ್ರೀತಿ ಇದ್ದರೆ, ನಯ ಗೆರೆಗಳು ದೀಪದ ಬತ್ತಿಯ ಹಾಗೆ ನೀರನ್ನು ಮೊದಲು ಹೀರಿಕೊಳ್ಳುತ್ತವೆ. ಎರಡು ನಯ ಗೆರೆಗಳಲ್ಲಿ ನೀರು ತುಂಬಿದರೆ ನಡುವಿನ ದಪ್ಪ ಗೆರೆಯ ತೈಲಕ್ಕೆ ಹೊರಗೆ ಬರುವ ಬಾಗಿಲು ಮುಚ್ಚಿತು. ತಮಾಷೆ ಅಂದರೆ ಇಲ್ಲಿ ಸಿಕ್ಕಿಕೊಳ್ಳುವುದು ಒಳ್ಳೆಯ ಮರಳಿನಲ್ಲಿದ್ದ ತೈಲ.

ಎಟಿವ್ ಮೇಲಿನ ನೆಸ್ ಪದರ ಇನ್ನೊಂದು ಕಥೆ. ಅದು ನದೀಮುಖದ ಬಯಲು. ಜೌಗು, ಕಲ್ಲಿದ್ದಲು, ಕೆಸರು, ನಡುವೆ ನಡುವೆ ನದಿಯ ಪಾತ್ರಗಳ ಮರಳು. ಇಲ್ಲಿ ಪ್ರಶ್ನೆ ಮರಳು ಎಷ್ಟು ಒಳ್ಳೆಯದು ಅನ್ನುವುದಲ್ಲ. ಈ ಬಾವಿಯಲ್ಲಿ ಸಿಕ್ಕ ಮರಳಿಗೂ ಆ ಬಾವಿಯಲ್ಲಿ ಸಿಕ್ಕ ಮರಳಿಗೂ ಸಂಪರ್ಕ ಇದೆಯಾ ಅನ್ನುವುದು. ಹಳೆಯ ನದಿ ಅಂಕುಡೊಂಕಾಗಿ ಹರಿದಿರುತ್ತದೆ. ಅದರ ಪಾತ್ರದ ಮರಳು ಕೆಸರಿನೊಳಗೆ ಹಗ್ಗ ಬಿದ್ದ ಹಾಗೆ ಬಿದ್ದಿರುತ್ತದೆ. ನೀವು ನೀರು ನುಗ್ಗಿಸುವ ಬಾವಿ ಒಂದು ಹಗ್ಗಕ್ಕೆ ತಾಗಿ, ತೈಲ ತೆಗೆಯುವ ಬಾವಿ ಇನ್ನೊಂದಕ್ಕೆ ತಾಗಿದರೆ ಎಷ್ಟು ನೂಕಿದರೂ ಏನೂ ಪ್ರಯೋಜನವಿಲ್ಲ. ನಿಮ್ಮ ಪಕ್ಕದ ಬಾವಿ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧ ಮೊದಲು ಹೇಳಿದ ಕಳ್ಳ ಪದರ. ಒಂದು ಬಾವಿಗೆ ಆ ಪದರ ಸಿಕ್ಕಿ ಬೇಗ ನೀರು ಬಂತು, ಪಕ್ಕದಲ್ಲಿ ಅದು ತೆಳುವಾಗಿ ಮುಗಿದುಹೋಗಿತ್ತು, ತೈಲ ಬರುತ್ತಲೇ ಇದೆ.

ಪದರಗಳ ನಡುವೆ ಗೋಡೆ ಇದೆಯಾ ಅಂತ ತಿಳಿಯಲು ಒಂದು ಸೊಗಸಾದ ಉಪಾಯ ಇದೆ. ಕ್ಷೇತ್ರ ಕೆಲಸ ಶುರು ಮಾಡಿ ಒಂದೆರಡು ವರ್ಷ ಆದ ಮೇಲೆ ಹೊಸ ಬಾವಿ ತೋಡಿ, ಪ್ರತಿ ಪದರದ ಒತ್ತಡ ಬೇರೆ ಬೇರೆಯಾಗಿ ಅಳೆಯಿರಿ. ಮೊದಲು ಎಲ್ಲ ಒಂದೇ ಸಾಲಿನಲ್ಲಿದ್ದವು. ಈಗ ಒಂದು ಪದರದ ಒತ್ತಡ ಕುಸಿದಿದೆ, ಅದರ ಮೇಲಿನದು ಹಾಗೇ ಇದೆ ಅಂದರೆ ನಡುವೆ ಗೋಡೆ ಇದೆ ಅಂತ. ಉತ್ತರ ಸಮುದ್ರದ ಎಷ್ಟೋ ಕ್ಷೇತ್ರಗಳ ನಕ್ಷೆ ಇಂಥ ಅಳತೆ ಬಂದ ಮೇಲೆ ತಿದ್ದಿ ಬರೆಯಬೇಕಾಯಿತು.

ಮೊದಲೇ ಯಾಕೆ ಗೊತ್ತಾಗಲ್ಲ ಅಂತ ಕೇಳುತ್ತೀರಿ. ನಾವು ನೋಡುವುದು ಎಷ್ಟು ಅಂತ ಯೋಚಿಸಿ. ಬಾವಿಯಿಂದ ತೆಗೆಯುವ ಕಲ್ಲಿನ ಕಂಬಕ್ಕೆ ಕೋರ್ ಅನ್ನುತ್ತೇವೆ. ಅಗಲ ಒಂದು ಅಂಗೈಯಷ್ಟು. ಪಕ್ಕದ ಬಾವಿ ಒಂದು ಕಿಲೋಮೀಟರ್ ದೂರ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಇದು ಅನ್ನದ ಪಾತ್ರೆ ಅಲ್ಲ, ಊಟದ ಎಲೆ. ಒಂದು ಮೂಲೆ ಮುಟ್ಟಿದರೆ ಉಪ್ಪಿನಕಾಯಿ, ಇನ್ನೊಂದು ಮೂಲೆಯಲ್ಲಿ ಪಾಯಸ. ಒಂದು ಬೆರಳು ಅದ್ದಿ ಇಡೀ ಊಟದ ರುಚಿ ಹೇಳಿ ಅಂದರೆ ಹೇಗೆ?

ನಾನೂ ಇದರಲ್ಲಿ ಸರಿಯಾಗಿ ಏಟು ತಿಂದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕ್ಷೇತ್ರದ ಲೆಕ್ಕ ನನ್ನ ಪಾಲಿಗೆ ಬಂತು. ಊರು, ಕಂಪನಿ ಹೆಸರು ಬೇಡ ಬಿಡಿ. ಕೋರ್ ಪೆಟ್ಟಿಗೆಯಲ್ಲಿ ಒಂದು ಕಡೆ ಒಂದೆರಡು ಅಡಿ ಖಾಲಿ ಇತ್ತು. ಕೊರೆಯುವಾಗ ಕಲ್ಲು ಸಿಕ್ಕಿರಲಿಲ್ಲ. ಮೇಲೂ ಕೆಳಗೂ ಸಾಧಾರಣ ಮರಳುಗಲ್ಲು. ನಡುವೆಯೂ ಅದೇ ಇರಬೇಕು ಅಂತ ಅದೇ ಅಂಕಿ ತುಂಬಿಸಿ ಸರಾಸರಿ ತೆಗೆದೆ. ನೀರು ಬರಲು ನಾಲ್ಕು ವರ್ಷ ಬೇಕು ಅಂತ ಬರೆದುಕೊಟ್ಟೆ. ವರ್ಷ ತುಂಬುವ ಮೊದಲೇ ನೀರು ಬಂತು. ಆಮೇಲೆ ಹಿರಿಯರೊಬ್ಬರು ಕರೆದು ಕೂರಿಸಿ ಹೇಳಿದರು: ಕೋರ್ ಯಾಕೆ ಸಿಗಲಿಲ್ಲ ಅಂತ ಯೋಚನೆ ಮಾಡಿದೆಯಾ? ಗಟ್ಟಿ ಕಲ್ಲು ಕಂಬವಾಗಿ ಬರುತ್ತದೆ. ಗಾರೆಯೇ ಇಲ್ಲದ ಸಡಿಲ ಮರಳು ನೀರಿನಲ್ಲಿ ತೊಳೆದುಹೋಗುತ್ತದೆ. ಪೆಟ್ಟಿಗೆಯ ಖಾಲಿ ಜಾಗವೇ ನಿನ್ನ ಕಳ್ಳ. ಅವತ್ತಿನಿಂದ ಕೋರ್ ಪೆಟ್ಟಿಗೆ ತೆರೆದಾಗ ನಾನು ಮೊದಲು ಹುಡುಕುವುದು ಖಾಲಿ ಜಾಗ.

ನಮ್ಮ ದೇಶದ ಉದಾಹರಣೆ ಬೇಕಲ್ಲವೇ? ಮುಂಬೈ ಹೈ ಹೆಸರು ಎಲ್ಲರಿಗೂ ಗೊತ್ತು, ಆದರೆ ಅಲ್ಲಿನ ಮುಖ್ಯ ಕಲ್ಲು ಸುಣ್ಣಕಲ್ಲು, ಅದು ಬೇರೆಯೇ ಪುರಾಣ. ಮರಳುಗಲ್ಲಿಗೆ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಗೆ ಹೋಗಬೇಕು. ಅಲ್ಲಿನ ಮಂಗಳಾ ಕ್ಷೇತ್ರ 2004ರ ಜನವರಿಯಲ್ಲಿ ಸಿಕ್ಕಿತು, 2009ರ ಆಗಸ್ಟ್‌ನಲ್ಲಿ ತೈಲ ಶುರುವಾಯಿತು. ಫತೇಗಢ ಮರಳುಗಲ್ಲು ಅನ್ನುತ್ತಾರೆ. ಹಳೆಯ ನದಿಗಳ ಮರಳು, ಪರ್ಮಿಯಬಿಲಿಟಿ ಡಾರ್ಸಿಗಳ ಲೆಕ್ಕದಲ್ಲಿ. ಕೆಳಗಿನ ಭಾಗದಲ್ಲಿ ಮರಳಿನ ಹಾಸುಗಳು ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿವೆ. ಮೇಲಿನ ಭಾಗದಲ್ಲಿ ಅಂಕುಡೊಂಕು ನದಿಯ ಹಗ್ಗಗಳು. ಅಲ್ಲಿನ ತೈಲದಲ್ಲಿ ಮೇಣ ಜಾಸ್ತಿ. ಮೇಲೆ ತಂದರೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಗುಜರಾತಿನ ಕಡಲತೀರದವರೆಗೆ ಸುಮಾರು 670 ಕಿಲೋಮೀಟರ್ ಪೈಪನ್ನು ದಾರಿಯುದ್ದಕ್ಕೂ ಬಿಸಿಯಾಗಿಡುತ್ತಾರೆ.

ಮಂಗಳಾದ ತೈಲ ಭೂಮಿಯೊಳಗೂ ನೀರಿಗಿಂತ ಎಷ್ಟೋ ಪಟ್ಟು ಮಂದ. ಮಂದ ವಸ್ತುವನ್ನು ತೆಳು ವಸ್ತುವಿನಿಂದ ತಳ್ಳಿದರೆ ಏನಾಗುತ್ತದೆ? ತಟ್ಟೆಯ ಮೇಲಿನ ಬೆಲ್ಲದ ಪಾಕದ ಮೇಲೆ ನೀರು ಬಿಡಿ. ಪಾಕವನ್ನು ದೂಡುವ ಬದಲು ನೀರು ಅದರ ನಡುವೆ ಬೆರಳು ತೂರಿಸಿಕೊಂಡು ಹೋಗುತ್ತದೆ. ಕಲ್ಲಿನ ಏರುಪೇರು ಸಣ್ಣದಿದ್ದರೂ ಮಂದ ತೈಲ ಅದನ್ನು ದೊಡ್ಡದು ಮಾಡುತ್ತದೆ. ಒಂದು ಸಲ ನೀರು ದಾರಿ ಮಾಡಿಕೊಂಡರೆ ಆ ದಾರಿ ಇನ್ನಷ್ಟು ಸಲೀಸು. ಇದಕ್ಕೆ ಮದ್ದು ಅಂದರೆ ನೀರನ್ನೇ ಗಂಜಿಯ ಹಾಗೆ ಮಂದ ಮಾಡುವುದು. ಪಾಲಿಅಕ್ರಿಲಮೈಡ್ ಜಾತಿಯ ಪಾಲಿಮರ್ ಪುಡಿಯನ್ನು ನೀರಿಗೆ ಕಲಸಿ ನುಗ್ಗಿಸುತ್ತಾರೆ. ಮಂದವಾದ ನೀರು ವೇಗದ ಪದರದಲ್ಲಿ ಮೊದಲಿನಷ್ಟು ಓಡಲ್ಲ, ಹಿಂದಿನಿಂದ ಬರುವ ನೀರು ನಿಧಾನದ ಪದರಗಳಿಗೂ ತಿರುಗುತ್ತದೆ. ಮಂಗಳಾದಲ್ಲಿ ಮೊದಲು ಸಣ್ಣದಾಗಿ ಪರೀಕ್ಷೆ ಮಾಡಿ, 2014-15ರ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ಇದನ್ನೇ ಶುರು ಮಾಡಿದರು. ಆದರೆ ಇದು ಎಲ್ಲ ಕಡೆ ನಡೆಯಲ್ಲ. ಬಿಗಿ ಕಲ್ಲಿನ ಸಂದಿಗಳಲ್ಲಿ ಈ ಗಂಜಿಯೇ ಸಿಕ್ಕಿಕೊಳ್ಳುತ್ತದೆ. ಸಂಪರ್ಕವೇ ಇಲ್ಲದ ಮರಳಿನ ಹಗ್ಗಗಳಿಗೆ ಯಾವ ಗಂಜಿಯೂ ಪರಿಹಾರವಲ್ಲ, ಅಲ್ಲಿಗೆ ಇನ್ನೊಂದು ಬಾವಿಯೇ ಬೇಕು.

ನಿಮ್ಮ ಬೋರ್‌ವೆಲ್ ಹೋಲಿಕೆ ಅರ್ಧ ಸರಿ. ನಮ್ಮ ರಾಜ್ಯದ ಹೆಚ್ಚಿನ ಕಡೆ ಬೋರ್ ಕೊರೆಯುವುದು ಗಟ್ಟಿ ಬಂಡೆಯಲ್ಲಿ. ಅಲ್ಲಿ ಕಾಳಿನ ಸಂದಿಯೇ ಇಲ್ಲ. ನೀರು ಇರುವುದು ಬಿರುಕುಗಳಲ್ಲಿ. ಬಿರುಕು ತಾಗಿದರೆ ನೀರು, ಇಲ್ಲದಿದ್ದರೆ ಧೂಳು. ಮರಳುಗಲ್ಲು ಅಷ್ಟು ಕ್ರೂರಿ ಅಲ್ಲ. ತೈಲ ಇರುವ ಮರಳುಗಲ್ಲಿನಲ್ಲಿ ಬಹುಪಾಲು ಎಲ್ಲಿ ಕೊರೆದರೂ ಏನಾದರೂ ಸಿಗುತ್ತದೆ. ಎಷ್ಟು ದಿನ ಸಿಗುತ್ತದೆ ಅನ್ನುವುದೇ ಪ್ರಶ್ನೆ.

ಇನ್ನು ಬೇಕಂತಲೇ ಬಿಡುತ್ತಾರಾ ಅನ್ನುವುದು. ಖರ್ಚಿಗಿಂತ ಆದಾಯ ಕಡಿಮೆ ಆದ ದಿನ ಬಿಡುತ್ತಾರೆ, ಆ ಅರ್ಥದಲ್ಲಿ ಹೌದು. ಆದರೆ ಸುಮ್ನೆ ಬಿಟ್ಟು ಎದ್ದು ಹೋಗಲ್ಲ. ಬ್ರೆಂಟ್ ಕ್ಷೇತ್ರದಲ್ಲೇ ನೋಡಿ. 1976ರಲ್ಲಿ ತೈಲ ಶುರುವಾಗಿ, 1982ರ ಹೊತ್ತಿಗೆ ದಿನಕ್ಕೆ 5 ಲಕ್ಷ ಬ್ಯಾರೆಲ್ ದಾಟಿತ್ತು. 1990ರ ದಶಕದಲ್ಲಿ ನೀರು ಎಷ್ಟು ತಳ್ಳಿದರೂ ಹೊಸ ತೈಲ ಬರುವುದು ಕಡಿಮೆಯಾಯಿತು. ಆಗ ಅವರು ಆಟವನ್ನೇ ತಿರುಗಿಸಿದರು. ನೀರು ನುಗ್ಗಿಸುವುದು ನಿಲ್ಲಿಸಿ, ಒಳಗಿನ ಒತ್ತಡವನ್ನು ಬೇಕಂತಲೇ ಇಳಿಯಲು ಬಿಟ್ಟರು. ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಸಂದಿಗಳಲ್ಲಿ ಸಿಕ್ಕಿಕೊಂಡಿದ್ದ ತೈಲದಿಂದ ಗ್ಯಾಸ್ ಗುಳ್ಳೆಯಾಗಿ ಬಿಡುಗಡೆಯಾಯಿತು. ತೈಲಕ್ಕೆ ದಾರಿ ಇಲ್ಲದ ಕಲ್ಲಿನಲ್ಲೂ ಗ್ಯಾಸ್ ನುಸುಳಿ ಬರುತ್ತದೆ, ಅದು ಅಷ್ಟು ತೆಳು. ತೈಲ ಕ್ಷೇತ್ರ ಗ್ಯಾಸ್ ಕ್ಷೇತ್ರವಾಗಿ ಮತ್ತೆ ಎರಡು ದಶಕ ಬದುಕಿತು. ತೈಲ ತೆಗೆಯಲು ಸಮುದ್ರದಲ್ಲಿ ನಿಲ್ಲಿಸಿದ್ದ ನಾಲ್ಕು ವೇದಿಕೆಗಳಲ್ಲಿ ಕೊನೆಯದಾದ ಚಾರ್ಲಿ ಕೆಲಸ ನಿಲ್ಲಿಸಿದ್ದು 2021ರ ಮಾರ್ಚ್‌ನಲ್ಲಿ. ಈಗ ಬ್ರೆಂಟ್ ಕ್ಷೇತ್ರದಿಂದ ಒಂದು ಹನಿಯೂ ಬರುತ್ತಿಲ್ಲ. ನೀವು ಪೇಪರ್‌ನಲ್ಲಿ ನೋಡುವ ಬ್ರೆಂಟ್ ಬೆಲೆ ಫೋರ್ಟೀಸ್, ಓಸೆಬರ್ಗ್, ಎಕೋಫಿಸ್ಕ್, ಟ್ರೋಲ್ ಮೊದಲಾದ ಬೇರೆ ತೈಲಗಳನ್ನು ನೋಡಿ ಕಟ್ಟಿದ್ದು. 2023ರಿಂದ ಆ ಪಟ್ಟಿಗೆ ಅಮೆರಿಕದ ಟೆಕ್ಸಾಸ್ ಕಡೆಯ ತೈಲವೂ ಸೇರಿದೆ.